ಇಎಸ್‌ಪಿ32 ವೆಬ್ ಸರ್ವರ್: ಪಿಂಗ್ ಹೋಗುತ್ತೆ, ಪೇಜ್ ಮಾತ್ರ ಬರಲ್ಲ

[ಪರದೆ: ಒಂದು ಕಡೆ ಸುತ್ತುತ್ತಿರುವ ಬ್ರೌಸರ್ ಟ್ಯಾಬ್, ಪಕ್ಕದ ಟರ್ಮಿನಲ್‌ನಲ್ಲಿ ಪಿಂಗ್ ಉತ್ತರ]

ಮೊಬೈಲಲ್ಲಿ ಪೇಜ್ ತೆರೆದಿದೆ, ಲ್ಯಾಪ್‌ಟಾಪಲ್ಲಿ ಸುತ್ತುತ್ತಾನೇ ಇದೆ. ಇಎಸ್‌ಪಿ32 ವೈಫೈ ಬೋರ್ಡ್‌ಗೆ ಕೋಡ್ ಬರೆಯೋ ಕಿಟ್ ಇಎಸ್‌ಪಿ-ಐಡಿಎಫ್‌ನ ಎಚ್‌ಟಿಟಿಪಿ ಸರ್ವರ್ ಬಳಸೋರಿಗೆ ಇದು ಮಾಮೂಲಿ ಕಾಟ. ವೈಫೈಯನ್ನ ಬೈಯೋಕೆ ಮುಂಚೆ ಸಾಕೆಟ್ ಲೆಕ್ಕ ಹಾಕಿ; ಪ್ರತಿ ಕನೆಕ್ಷನ್‌ಗೂ ಒಂದು ಸಾಕೆಟ್ ಬೇಕು.

[ಪರದೆ: 10 − 3 = 7]

ಬೋರ್ಡಿನ ನೆಟ್‌ವರ್ಕ್ ಲೈಬ್ರರಿ ಎಲ್‌ಡಬ್ಲ್ಯುಐಪಿ ಡೀಫಾಲ್ಟ್ ಆಗಿ ಕೊಡೋದು 10 ಸಾಕೆಟ್. 3 ಸರ್ವರ್‌ನ ಒಳಗಿನ ಕೆಲಸಕ್ಕೇ ಹೋಗುತ್ತೆ. 'ಮ್ಯಾಕ್ಸ್ ಓಪನ್ ಸಾಕೆಟ್ಸ್' ಡೀಫಾಲ್ಟ್ 7 ಇರೋದು ಅದಕ್ಕೇ. ಆದರೆ ಕ್ರೋಮ್ ಒಂದೇ ಹೋಸ್ಟ್‌ಗೆ 6 ಕನೆಕ್ಷನ್‌ವರೆಗೆ ತೆರೆಯುತ್ತೆ, ಪೇಜ್ ಬಂದ ಮೇಲೂ ಕೀಪ್-ಅಲೈವ್ ಅಂತ ಬಿಡಲ್ಲ. ಏಳೂ ತುಂಬಿದರೆ ಸರ್ವರ್ ಹೊಸಬರ ಕಡೆ ತಿರುಗಿಯೂ ನೋಡಲ್ಲ, ಲಾಗ್‌ನಲ್ಲಿ ಎರರ್ ಕೂಡ ಬರೆಯಲ್ಲ. ಬಂದವರು ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಕಾಯೋ ಸಾಲಲ್ಲಿ, ಕಾಯ್ತಿರ್ತಾರೆ. ಅದಕ್ಕೇ ಟರ್ಮಿನಲ್‌ನಿಂದ ಪೇಜ್ ತರಿಸೋ ಕರ್ಲ್ 'ಕನೆಕ್ಟೆಡ್' ಅಂದು ಅಲ್ಲೇ ನಿಲ್ಲೋದು.

'ಎಲ್‌ಆರ್‌ಯು ಪರ್ಜ್ ಎನೇಬಲ್' ಅನ್ನ ಟ್ರೂ ಮಾಡಿ, ಡೀಫಾಲ್ಟ್ ಫಾಲ್ಸ್. ಆಗ ಬಹಳ ಹೊತ್ತಿಂದ ಸುಮ್ಮನಿರೋ ಕನೆಕ್ಷನ್ ಮುಚ್ಚಿ ಹೊಸದಕ್ಕೆ ಜಾಗ ಕೊಡುತ್ತೆ. ಸುಮ್ಮನಿರೋ ವೆಬ್‌ಸಾಕೆಟ್ (ತೆರೆದೇ ಇರೋ ಲೈವ್ ಕನೆಕ್ಷನ್) ಇದ್ದರೆ ಅದೂ ಹೋಗಬಹುದು, ಹುಷಾರು.

[ಪರದೆ: ಸೀರಿಯಲ್ ಮಾನಿಟರ್, ಆಕ್ಸೆಪ್ಟ್ ಎರರ್ 23]

ಪರ್ಜ್ ಹಾಕಿದರೂ ಎರರ್ 23, ಅಂದರೆ ಹೊಸಬರನ್ನ ಒಳಗೆ ಬಿಡೋಕೆ (ಆಕ್ಸೆಪ್ಟ್) ಸಾಕೆಟ್ ಇಲ್ಲ ಅಂತ ಬರ್ತಿದೆಯಾ? ಬಹಳ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಅದೇ ಬೋರ್ಡಲ್ಲಿ ಎಂಕ್ಯೂಟಿಟಿ (ಸಾಧನಗಳು ಮೆಸೇಜ್ ಕಳಿಸೋ ಪ್ರೋಟೋಕಾಲ್) ಕ್ಲೈಂಟ್ ಇದ್ದರೆ ಒಂದು ಸಾಕೆಟ್ ಅದರ ಪಾಲು. ನಿಜಕ್ಕೂ ಉಳಿದಿದ್ದು 6, ಸರ್ವರ್ ಲೆಕ್ಕದಲ್ಲಿ ಇನ್ನೂ 7. ತನ್ನಲ್ಲಿ ಜಾಗ ಇದೆ ಅಂದ್ಕೊಂಡಿರೋದರಿಂದ ಅದು ಪರ್ಜ್ ಮಾಡೋದೇ ಇಲ್ಲ, ಆಕ್ಸೆಪ್ಟ್ ಸೋಲುತ್ತೆ. ಪ್ರಾಜೆಕ್ಟ್‌ನ ಸೆಟ್ಟಿಂಗ್ ಮೆನು ಮೆನುಕಾನ್ಫಿಗ್‌ನಲ್ಲಿ ಎಲ್‌ಡಬ್ಲ್ಯುಐಪಿ ಮ್ಯಾಕ್ಸ್ ಸಾಕೆಟ್ಸ್ 16 ಮಾಡಿ, ಸರ್ವರ್‌ನ 7 ಹಾಗೇ ಇರಲಿ. ರ‍್ಯಾಮ್ ಬಿಗಿಯಾಗಿದ್ದರೆ 10ನ್ನೇ ಇಟ್ಟು ಸರ್ವರ್‌ನದ್ದು 5ಕ್ಕೆ ಇಳಿಸಿ. ಉಲ್ಟಾ, ಸರ್ವರ್‌ನದ್ದೊಂದನ್ನೇ ಏರಿಸಿದರೆ ಅದು ಸ್ಟಾರ್ಟೇ ಆಗಲ್ಲ.

ಎರರ್ 112 ಬಂದರೆ ಪೋರ್ಟ್ ಆಗಲೇ ಬಳಕೆಯಲ್ಲಿದೆ. ಎರಡು ಸರ್ವರ್ ಓಡಿಸೋರು ಪೋರ್ಟ್ 80 ಬದಲಿಸ್ತಾರೆ, ಸರ್ವರ್ ಒಳಗಿನ ಕೆಲಸಕ್ಕೆ ಬಳಸೋ ಕಂಟ್ರೋಲ್ ಪೋರ್ಟ್ 32768 ಮರೀತಾರೆ. ಎರಡೂ ಬೇರೆ ಇರಬೇಕು. 104 ಅಂದರೆ ಆ ಕಡೆಯವರು ಕನೆಕ್ಷನ್ ಕಡಿದ್ರು; ಟ್ಯಾಬ್ ಮುಚ್ಚಿದಾಗ ಬಂದರೆ ತಲೆ ಕೆಡಿಸ್ಕೋಬೇಡಿ.

[ಪರದೆ: ಕ್ಲೋಸ್ ಫಂಕ್ಷನ್ ಕೋಡ್, ಕೊನೆಯ ಸಾಲು ಹೈಲೈಟ್]

ಸಾಕೆಟ್ ಒಂದೊಂದಾಗಿ ಸೋರಿಹೋಗ್ತಿದ್ದರೆ ಸರ್ವರ್ ಸೆಟ್ಟಿಂಗ್‌ನ 'ಕ್ಲೋಸ್ ಎಫ್‌ಎನ್' ನೋಡಿ. ಅಲ್ಲಿ ನಿಮ್ಮ ಫಂಕ್ಷನ್ ಕೊಟ್ಟ ಮೇಲೆ ಸಾಕೆಟ್ ಮುಚ್ಚೋ ಹೊಣೆಯೂ ನಿಮ್ಮದೇ. ಕೊನೆಗೆ ಕ್ಲೋಸ್ ಕರೆಯದಿದ್ದರೆ ಪ್ರತಿ ಕ್ಲೈಂಟ್ ಹೋಗುವಾಗಲೂ ಒಂದು ಸಾಕೆಟ್ ಲೀಕ್.

ಸಾಕೆಟ್ ಬಾಕಿ ಇದ್ದೂ ಪೇಜ್ ನಿಂತರೆ ಹ್ಯಾಂಡ್ಲರ್, ಅಂದರೆ ಪೇಜ್ ಕೇಳಿದಾಗ ಉತ್ತರ ಕಳಿಸೋ ಫಂಕ್ಷನ್, ನೋಡಿ. ಎಲ್ಲಾ ಹ್ಯಾಂಡ್ಲರ್ ಒಂದೇ ಟಾಸ್ಕ್‌ನಲ್ಲಿ ಓಡೋದು. ಒಂದರಲ್ಲಿ ಸೆನ್ಸರ್‌ಗಾಗಿ 10 ಸೆಕೆಂಡ್ ಡಿಲೇ ಹಾಕಿದರೆ ಎಲ್ಲರೂ ಅಷ್ಟು ಹೊತ್ತು ಕಾಯಬೇಕು. ಸೆನ್ಸರ್ ಓದೋದನ್ನ ಬೇರೆ ಟಾಸ್ಕ್‌ಗೆ ಹಾಕಿ, ಹ್ಯಾಂಡ್ಲರ್ ಕೊನೆಯ ರೀಡಿಂಗ್ ಮಾತ್ರ ಕಳಿಸಲಿ.