ಗಂಟಲಲ್ಲಿ ಚುರುಗುಟ್ಟುವ ಎಣ್ಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜಯಪುರದ ನಮ್ಮ ಓಣಿಯಲ್ಲಿ, ಎರಡು ಮನೆ ಆಚೆ, ಒಬ್ಬರು ವೈನಿ ಇದ್ದಾರೆ. ಹೋದ ದೀಪಾವಳಿಗೆ ಸ್ಪೇನಿನಿಂದ ಬಂದ ಮಗ ಕಡುಹಸಿರು ಬಣ್ಣದ ಒಂದು ಬಾಟಲಿ ತಂದಿದ್ದ. ಆಲಿವ್ ಎಣ್ಣೆ. ವೈನಿ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಮೊದಲು ಕಹಿ, ಆಮೇಲೆ ಗಂಟಲಲ್ಲಿ ಚುರುಕ್ ಎಂದಿತು, ಎರಡು ಸಲ ಕೆಮ್ಮು ಬಂತು. ಎಣ್ಣೆ ಕೆಟ್ಟಿದೆ ಎಂದು ಅದನ್ನು ಕಾರ್ತಿಕದ ದೀಪಕ್ಕೆ ಹಾಕಿ ಮುಗಿಸಿದರು. ನನಗೆ ಸುದ್ದಿ ತಿಳಿದದ್ದು ಬಾಟಲಿ ಬರಿದಾದ ಮೇಲೆ. ಇಂದಿಗೂ ಸಂಕಟವಾಗುತ್ತದೆ. ಅವರನ್ನು ಕೆಮ್ಮಿಸಿದ ಖಾರವೇ ಆ ಎಣ್ಣೆಯ ಸತ್ವವಾಗಿತ್ತು.

ಆಲಿವ್ ಮರ ನಮ್ಮ ಮಲ್ಲಿಗೆಯ ಕುಟುಂಬಕ್ಕೇ ಸೇರಿದ್ದು. ಆದರೆ ಅದರ ಹಸಿ ಕಾಯಿಯನ್ನು ಕಚ್ಚಿ ನುಂಗಲಾಗದು, ಅಷ್ಟು ಕಹಿ. ಆ ಕಹಿಯ ಹೆಸರು ಓಲ್ಯೂರೋಪಿನ್. ಎಲೆಯಲ್ಲಿಯೂ ಅದು ಹೇರಳವಾಗಿದೆ. ಕಾಯಿ ಹಣ್ಣಾಗುವಾಗ, ಅರೆಯುವಾಗ ಅದು ಒಡೆದು ಹೈಡ್ರಾಕ್ಸಿಟೈರೋಸಾಲ್ ಮತ್ತು ಅದರ ಬಳಗದ ವಸ್ತುಗಳಾಗುತ್ತದೆ. ರಕ್ತದಲ್ಲಿರುವ ಕೊಬ್ಬು ಆಮ್ಲಜನಕದ ಹೊಡೆತಕ್ಕೆ ಸಿಕ್ಕಿ ಹಾಳಾಗುವುದನ್ನು ಇವು ತಡೆಯುತ್ತವೆ. 2012ರಲ್ಲಿ ಯುರೋಪ್ ಒಕ್ಕೂಟ ಈ ಗುಣವನ್ನು ಬಾಟಲಿಯ ಮೇಲೆ ಬರೆಯಲು ಒಪ್ಪಿಗೆ ಕೊಟ್ಟಿತು, ಒಂದು ಷರತ್ತಿನೊಂದಿಗೆ: 20 ಗ್ರಾಂ ಎಣ್ಣೆಯಲ್ಲಿ ಈ ಬಳಗದ ವಸ್ತುಗಳು ಕನಿಷ್ಠ 5 ಮಿಲಿಗ್ರಾಂ ಇರಬೇಕು. 20 ಗ್ರಾಂ ಎಂದರೆ ಸುಮಾರು ಒಂದೂವರೆ ದೊಡ್ಡ ಚಮಚ.

ಗಂಟಲ ಖಾರದ ಕಥೆ ಇನ್ನೂ ಸೊಗಸಾದದ್ದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ರುಚಿ, ವಾಸನೆಗಳನ್ನೇ ಅಧ್ಯಯನ ಮಾಡುವ ಮೊನೆಲ್ ಎಂಬ ಸಂಸ್ಥೆಯಿದೆ. ಅಲ್ಲಿನ ವಿಜ್ಞಾನಿ ಗ್ಯಾರಿ ಬೀಚಮ್ ನೋವಿನ ಔಷಧವಾದ ಐಬುಪ್ರೊಫೆನ್ ದ್ರಾವಣದ ರುಚಿ ನೋಡುತ್ತಿದ್ದವರು. ಇಟಲಿಯ ಸಿಸಿಲಿ ದ್ವೀಪಕ್ಕೆ ಹೋದಾಗ ಅಲ್ಲಿಯ ತಾಜಾ ಎಣ್ಣೆಯನ್ನು ಬಾಯಿಗೆ ಹಾಕಿಕೊಂಡರು. ಔಷಧ ನುಂಗಿದಾಗ ಆಗುತ್ತಿದ್ದ ಅದೇ ಚುರುಕು, ಗಂಟಲಿನ ಅದೇ ಜಾಗದಲ್ಲಿ! ಬೆನ್ನುಹತ್ತಿ ನೋಡಿದಾಗ ಸಿಕ್ಕಿದ್ದು ಓಲಿಯೋಕ್ಯಾಂಥಾಲ್. ಉರಿಯೂತ ಹುಟ್ಟಿಸುವ ಕಿಣ್ವಗಳನ್ನು ಇದೂ ಐಬುಪ್ರೊಫೆನ್‌ನಂತೆಯೇ ತಡೆಯುತ್ತದೆ ಎಂದು ಅವರ ತಂಡ 2005ರಲ್ಲಿ ಪ್ರಕಟಿಸಿತು. ನಾಲಿಗೆಯನ್ನು ನಂಬಿದ ವಿಜ್ಞಾನಿಯನ್ನು ಕಂಡರೆ ನನಗೆ ಬಹಳ ಗೌರವ. ಹಾಗೆಂದು ಮೊಣಕಾಲು ನೋವಿನ ಮಾತ್ರೆಯನ್ನು ಯಾರೂ ಬಿಡಬೇಡಿ. ದಿನಕ್ಕೆ 50 ಗ್ರಾಂ ಎಣ್ಣೆ ಕುಡಿದರೂ ಸಿಗುವುದು ವಯಸ್ಕರ ಔಷಧದ ಪ್ರಮಾಣದ ಹತ್ತನೆಯ ಒಂದು ಪಾಲು ಮಾತ್ರ.

ಹೃದಯದ ಮಾತಿಗೆ ಬಂದರೆ, ಸ್ಪೇನಿನಲ್ಲಿ 7,447 ಜನರ ಮೇಲೆ ನಡೆದ ಪ್ರೆಡಿಮೆಡ್ ಅಧ್ಯಯನವಿದೆ. ಹೃದ್ರೋಗದ ಅಪಾಯ ಹೆಚ್ಚಿದ್ದವರು ಅವರು. ತರಕಾರಿ, ಕಾಳು, ಮೀನಿನ ಊಟದ ಜೊತೆ ಎಕ್ಸ್‌ಟ್ರಾ ವರ್ಜಿನ್, ಅಂದರೆ ಶುದ್ಧೀಕರಿಸದೆ ಕಾಯಿಯಿಂದ ನೇರವಾಗಿ ಹಿಂಡಿದ, ಆಲಿವ್ ಎಣ್ಣೆ ಬಳಸಿದ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂತಹ ಅವಘಡಗಳು ಸುಮಾರು ಶೇಕಡಾ 30ರಷ್ಟು ಕಡಿಮೆಯಾಗಿದ್ದವು. 2013ರ ಆ ವರದಿಯಲ್ಲಿ ಜನರನ್ನು ಗುಂಪುಗಳಿಗೆ ಹಂಚಿದ ಕ್ರಮದಲ್ಲಿ ಲೋಪ ಕಂಡುಬಂದು, 2018ರಲ್ಲಿ ಅದನ್ನು ಹಿಂಪಡೆದು, ಲೆಕ್ಕವನ್ನು ಮತ್ತೆ ಮಾಡಿ ಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಅದು ಎಣ್ಣೆಯೊಂದರ ಫಲವಲ್ಲ, ಇಡೀ ಊಟದ ಫಲ ಎಂಬುದನ್ನು ಮರೆಯಬಾರದು.

ಈಗ ಅಂಗಡಿಗೆ ಹೋಗೋಣ. ಆಲಿವ್ ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಪೊಮೇಸ್ ಎಂದಿದ್ದರೆ ಅದು ಎಣ್ಣೆ ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ದ್ರಾವಕ ಹಾಕಿ ತೆಗೆದು ಶುದ್ಧೀಕರಿಸಿದ್ದು. ಲೈಟ್ ಎಂದರೆ ಕೊಬ್ಬು ಕಡಿಮೆ ಎಂದಲ್ಲ, ಬಣ್ಣ ಮತ್ತು ರುಚಿ ತೆಳು ಎಂದಷ್ಟೇ. ಎರಡರಲ್ಲೂ ಆ ಕಹಿಯೂ ಖಾರವೂ ಬಹುಪಾಲು ಹೋಗಿರುತ್ತವೆ. ಅವಕ್ಕೆ ದುಬಾರಿ ಹಣ ಸುರಿಯುವುದಕ್ಕಿಂತ ಗಾಣದ ಶೇಂಗಾ ಎಣ್ಣೆಯೇ ವಾಸಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಆಲಿವ್‌ನ ಮುಖ್ಯ ಕೊಬ್ಬಾದ ಓಲಿಯಿಕ್ ಆಮ್ಲ ಶೇಂಗಾದಲ್ಲೂ ಸಾಕಷ್ಟಿದೆ. ನಮ್ಮ ಎರೆಭೂಮಿಯ ಕುಸುಬಿ ಎಣ್ಣೆಯದು ಬೇರೆ ಬಗೆ, ಅದರಲ್ಲಿ ಲಿನೋಲಿಯಿಕ್ ಆಮ್ಲ ಹೆಚ್ಚು. ಅದನ್ನೂ ಅಡುಗೆಮನೆಯಿಂದ ಓಡಿಸಬೇಕಿಲ್ಲ.

ಎಕ್ಸ್‌ಟ್ರಾ ವರ್ಜಿನ್ ಕೊಂಡರೆ ಮಿರ್ಚಿ ಭಜಿ ಕರಿಯಲು ಸುರಿಯಬೇಡಿ, ಕಾದಷ್ಟೂ ಆ ಸತ್ವ ಕರಗುತ್ತದೆ. ನಮ್ಮಲ್ಲಿ ರೊಟ್ಟಿಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ ಹಚ್ಚಿಕೊಂಡು ಅದರ ಮೇಲೆ ಹಸಿ ಎಣ್ಣೆ ಹಾಕಿಕೊಳ್ಳುವ ರೂಢಿಯಿದೆಯಲ್ಲ, ಈ ಎಣ್ಣೆಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಪಕ್ಕದಲ್ಲಿ ಹಸಿ ಹಕ್ಕರಕಿ, ಸೌತೆಕಾಯಿ ಇರಲಿ. ಆದರೆ ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ. ಹಾಗಾಗಿ ಮೊದಲಿನ ಎಣ್ಣೆಯ ಬದಲಿಗೆ ಹಾಕಿಕೊಳ್ಳಿ, ಅದರ ಜೊತೆಗಲ್ಲ.

ಜೈತೂನ್ ಎಣ್ಣೆ ಎಂದು ಕರೆದು ಎಳೆಗೂಸಿನ ಮೈಗೆ ತಿಕ್ಕುವ ತಾಯಂದಿರಿಗೆ ಒಂದು ವಿನಂತಿ. ಅದೇ ಓಲಿಯಿಕ್ ಆಮ್ಲ ಚರ್ಮದ ಮೇಲ್ಪದರದ ಬಿಗಿಯನ್ನು ಸಡಿಲಿಸುತ್ತದೆ. 2013ರಲ್ಲಿ ಬ್ರಿಟನ್ನಿನಲ್ಲಿ ದೊಡ್ಡವರ ಚರ್ಮದ ಮೇಲೆ ಪರೀಕ್ಷಿಸಿದಾಗ ಇದು ಸ್ಪಷ್ಟವಾಗಿ ಕಂಡಿತು. ಮಗುವಿನ ಚರ್ಮ ಒಣಗಿದ್ದರೆ, ಕಜ್ಜಿ ಇದ್ದರೆ ಖಂಡಿತ ಬೇಡ. ಆಲಿವ್ ಎಲೆಯ ಸಾರದ ಮಾತ್ರೆಗಳೂ ಈಗ ಸಿಗುತ್ತವೆ. ಅವು ರಕ್ತದೊತ್ತಡವನ್ನು ತುಸು ಇಳಿಸಬಲ್ಲವು, ಅದಕ್ಕಾಗಿಯೇ ಎಚ್ಚರ ಬೇಕು. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಈಗಾಗಲೇ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅವನ್ನು ಮುಟ್ಟಬಾರದು.

ಬೆಳಕು, ಬಿಸಿ ಎರಡೂ ಈ ಎಣ್ಣೆಗೆ ಶತ್ರುಗಳು. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ. ವೈನಿಯವರ ಮಗ ಈ ಸಲ ಇನ್ನೊಂದು ಬಾಟಲಿ ಕಳಿಸಿದ್ದಾನೆ. ಅದು ಒಲೆಯ ಪಕ್ಕದಲ್ಲೂ ಇಲ್ಲ, ದೇವರ ಮುಂದೆಯೂ ಇಲ್ಲ. ಜೋಳದ ಚೀಲಗಳ ಹಿಂದೆ, ಕತ್ತಲಲ್ಲಿ, ಬಿರಡೆ ಬಿಗಿಯಾಗಿ ಹಾಕಿಕೊಂಡು ಕುಳಿತಿದೆ. ಮೊನ್ನೆ ನನ್ನ ರೊಟ್ಟಿಯ ಮೇಲೆ ಅವರೇ ಹಾಕಿದರು. ಇಬ್ಬರೂ ಕೆಮ್ಮಿದೆವು.

ನಮಸ್ಕಾರ.