ಎರಡೂ ದಡ ಗೊತ್ತಿರುವವರು

ಗೆಳೆಯರೇ, ಗಲ್ಫಿಗೆ ಒಬ್ಬರನ್ನಾದರೂ ಕಳಿಸದ ಮನೆ ನಮ್ಮ ಕಾಸರಗೋಡಿನಲ್ಲಿ ಕಡಿಮೆ. ಹಾಗಾಗಿ ಪೀಠಿಕೆ ಬೇಡ. ನಾಲ್ಕು ದೇಶದವರು ಸೇರಿ ಕಟ್ಟುವ ಜಾಗದಲ್ಲಿ ಎಲ್ಲ ಕಡೆಯ ರೀತಿ ಗೊತ್ತಿರುವ ಒಬ್ಬರು ಬೇಕೇ ಬೇಕು. ಆದರೆ ಅವರಿಗೆ ಒಪ್ಪಂದದಲ್ಲಿ ಜಾಗ ಇಲ್ಲ. ಇದೇ ನನ್ನ ತಕರಾರು.

ರೈನ್ ನದಿಯ ಮೇಲೆ ಲೌಫೆನ್‌ಬುರ್ಗ್ ಅಂತ ಊರು. ಒಂದು ದಡ ಜರ್ಮನಿ, ಇನ್ನೊಂದು ಸ್ವಿಟ್ಜರ್ಲೆಂಡ್. ಕರ್ನಾಟಕ-ಕೇರಳ ಗಡಿಯ ನಮ್ಮ ತಲಪಾಡಿಯ ಹಾಗೆ, ನಡುವೆ ನದಿ ಇದೆ ಅಷ್ಟೇ. ಇಬ್ಬರೂ ಸೇರಿ ಸೇತುವೆ ಕಟ್ಟಲು ಹೊರಟರು. ಎತ್ತರ ಅಳೆಯುವುದು ಸಮುದ್ರಮಟ್ಟದಿಂದ ಅಲ್ವಾ? ಜರ್ಮನಿಯವರ ಲೆಕ್ಕ ಉತ್ತರ ಸಮುದ್ರದ್ದು, ಸ್ವಿಸ್ಸಿನವರದು ಮೆಡಿಟರೇನಿಯನ್ನಿನದು. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸ. ಗಮನಿಸಿ, ಇದು ಅವರಿಗೆ ಮೊದಲೇ ಗೊತ್ತಿತ್ತು! ಲೆಕ್ಕಕ್ಕೂ ಹಿಡಿದಿದ್ದರು. ಆದರೆ ಕೂಡಿಸುವುದು ಕಳೆಯುವುದು ಉಲ್ಟಾ ಆಯಿತು. 27 ಹೋಗಿ 54 ಆಯಿತು. 2003ರಲ್ಲಿ, ಕೆಲಸ ನಡೆಯುತ್ತಿರುವಾಗ ತಿಳಿಯಿತು. ಸರಿಪಡಿಸಿ ಮುಗಿಸಿದರು ಅನ್ನಿ. ಎಂಜಿನಿಯರಿಂಗ್‌ನಲ್ಲಿ ಯಾರಿಗೂ ಕಡಿಮೆಯಿಲ್ಲದ ಎರಡು ದೇಶ! ಕಾಗದದಲ್ಲಿ ಎಲ್ಲವೂ ಇತ್ತು. ಎರಡೂ ದಡದ ಲೆಕ್ಕ ಮುಂದಿಟ್ಟುಕೊಂಡು, 'ನಿಲ್ಲಿ, ಇದು ತಿರುವುಮುರುವಾಗಿದೆ' ಎನ್ನುವವರು ಶುರುವಿನಲ್ಲೇ ಬೇಕಿತ್ತು.

ಅಂಥವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಉಪ್ಪಳದ ಕಡೆಯ ಒಬ್ಬ ಫೋರ್‌ಮನ್ ನನಗೆ ಪರಿಚಯ. ಕುವೈತ್‌ನಲ್ಲಿದ್ದವರು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಸೈಟಿನಲ್ಲಿ ಹಿಂದಿ. ಹೊಸ ಹುಡುಗರಿಗೆ ಅವರು 'ಅರ್ಥ ಆಯ್ತಾ' ಅಂತ ಕೇಳುತ್ತಲೇ ಇರಲಿಲ್ಲ. ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರಲ್ಲ! 'ಈಗ ಏನು ಮಾಡ್ತೀಯಾ, ಮಾಡಿ ತೋರಿಸು' ಎನ್ನುತ್ತಿದ್ದರು. ಊರಲ್ಲಿ ಕೆಲಸ ಕಲಿತವನು ಸರಳಿನ ಕೆಳಗೆ ಊರಿನ ಅಭ್ಯಾಸದಂತೆ ತೆಳ್ಳಗಿನ ಕವರ್ ಬ್ಲಾಕ್, ಅಂದರೆ ಸರಳನ್ನು ಎತ್ತಿ ಹಿಡಿಯುವ ಚಿಕ್ಕ ತುಂಡು, ಇಡುತ್ತಾನೆ. ಅಲ್ಲಿಯದು ಉಪ್ಪು ನೆಲ. ಸರಳನ್ನು ಮುಚ್ಚುವ ಕಾಂಕ್ರೀಟ್ ಪದರ, ಅಂದರೆ ಕವರ್, ಕಮ್ಮಿಯಾದರೆ ಸರಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಹುಡುಗನ ಕೈ ಎಲ್ಲಿ ತಪ್ಪುತ್ತದೆ ಎಂದು ಡ್ರಾಯಿಂಗ್ ಬರೆದ ಎಂಜಿನಿಯರಿಗೆ ತಿಳಿಯದು, ಇವರಿಗೆ ತಿಳಿಯುತ್ತದೆ. ಯಾಕೆಂದರೆ ಇವರ ಕೈಯೂ ಅದೇ ಊರಲ್ಲಿ ಪಳಗಿದ್ದು.

ಹಲವು ದೇಶದವರು ಸೇರಿ ಕಟ್ಟುವಾಗ ಬಳಸುವ ಫಿಡಿಕ್ ಎಂಬ ಮಾದರಿ ಒಪ್ಪಂದದಲ್ಲಿ, ಯಾವ ಭಾಷೆಯ ಪ್ರತಿ ಅಂತಿಮ ಎನ್ನುವುದಕ್ಕೆ ಒಂದು ಕಲಮೇ ಇದೆ. ಕಾಗದಕ್ಕೆ ಅಷ್ಟು ಕಾಳಜಿ. ಈ ಫೋರ್‌ಮನ್‌ಗೆ? ವೀಸಾ ಮುಗಿದ ದಿನ ವಿಮಾನ ಹತ್ತಿಸುತ್ತಾರೆ. ಅವರ ತಲೆಯಲ್ಲಿದ್ದದ್ದನ್ನು ಯಾರೂ ಕೂತು ಕೇಳಿಕೊಂಡಿಲ್ಲ. ಮುಂದಿನ ಸೈಟಿನಲ್ಲಿ ಅದೇ ತಪ್ಪು ಮತ್ತೆ ಮೊದಲಿಂದ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬುರ್ಜ್ ಖಲೀಫಾದ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ಷಿಕಾಗೋದವರ ವಿನ್ಯಾಸ, ಕೊರಿಯಾ, ಬೆಲ್ಜಿಯಂ, ಯುಎಇ ಕಂಪನಿಗಳ ಕೆಲಸ, ಬೇಸಿಗೆಯಲ್ಲಿ ಐಸ್ ಬೆರೆಸಿ ರಾತ್ರಿ ಹೊತ್ತು ಹಾಕಿದ ಕಾಂಕ್ರೀಟ್. ಅದು ಇನ್ನೊಮ್ಮೆ.

ಒಂದೇ ಕೋರಿಕೆ. ಇಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮೂರಿಗೆ ವಾಪಸಾದ ಒಬ್ಬ ಫೋರ್‌ಮನ್ ಮನೆಗೆ ಹೋಗಿ. ಸುಮ್ನೆ ಅನುಭವ ಹೇಳಿ ಅನ್ನಬೇಡಿ. ಹೊಸಬರು ಯಾವ ಕೆಲಸದಲ್ಲಿ ಎಡವುತ್ತಿದ್ದರು, ನೀವು ಹೇಗೆ ತಿದ್ದುತ್ತಿದ್ದಿರಿ ಎಂದು ಕೇಳಿ. ಅವರ ಮಾತಿನಲ್ಲೇ ಬರೆದುಕೊಳ್ಳಿ, ಓದಿ ಹೇಳಿ, ತಿದ್ದಿಸಿಕೊಳ್ಳಿ. ಮೇಲೆ ಅವರ ಹೆಸರು ಹಾಕಿ. ನಮಸ್ಕಾರ.