ಮೊದಲು ಹಾಡು ಕೇಳಿ, ಆಮೇಲೆ ಹೆಸರು

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದಲ್ಲಿ ಹುಟ್ಟಿದ ಜಾಝ್ ಸಂಗೀತದ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಆ ಹೆಸರು ಕಿವಿಗೆ ಬಿದ್ದ ಕೂಡಲೇ ರೇಡಿಯೊ ಬಂದ್ ಮಾಡಬೇಡಿ. ನನ್ನ ಮಾತೂ ಅದೇ: ಮೊದಲು ಹಾಡು ಕೇಳಿ, ಹೆಸರು ಆಮೇಲೆ ಕೇಳಿ.

ನೀವು ಜಾಝ್ ಆಗಲೇ ಕೇಳಿದ್ದೀರಿ. 1951ರ ‘ಅಲ್ಬೇಲಾ’ ಸಿನಿಮಾದ ‘ಶೋಲಾ ಜೋ ಭಡಕೆ’ ಬೆಳಗಾವಿಯ ಎಷ್ಟೋ ಹಿರಿಯರಿಗೆ ಈಗಲೂ ಬಾಯಿಪಾಠ. ಸಂಗೀತ ಸಿ. ರಾಮಚಂದ್ರ ಅವರದು. ಅವರ ಜೊತೆ ಕೆಲಸ ಮಾಡಿದ ಗೋವಾದ ಚಿಕ್ ಚಾಕೊಲೆಟ್ ಎಂಬುವರು ಮುಂಬೈಯಲ್ಲಿ ಜಾಝ್ ಬ್ಯಾಂಡ್ ನಡೆಸುತ್ತಿದ್ದವರು, ಟ್ರಂಪೆಟ್ ನುಡಿಸುತ್ತಿದ್ದವರು. ಅದನ್ನು ಸಿನಿಮಾ ಹಾಡು ಅಂದರು, ನಾವು ಮನೆಯೊಳಗೆ ಕರೆದುಕೊಂಡೆವು. ಜಾಝ್ ಅಂದಿದ್ದರೆ?

ಟಿಳಕವಾಡಿಯ ನಮ್ಮ ಓಣಿಯಲ್ಲಿ ಒಬ್ಬರು ಕಾಕಾ ಇದ್ದಾರೆ. ಮನ್ಸೂರರು, ಭೀಮಸೇನ ಜೋಶಿಯವರು ಅಂದರೆ ಪ್ರಾಣ. ಜಾಝ್ ಅಂದರೆ ಮಾತ್ರ, ‘ಅದು ಬರೇ ಗದ್ದಲ ತಮ್ಮಾ, ದೊಡ್ಡ ಹೋಟೆಲ್‌ನ್ಯಾಗ ಉಣ್ಣೋವಾಗ ಹಚ್ಚತಾರಲ್ಲ, ಅದು’ ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ‘ಕಾಕಾ, ಒಂದು ಮಾಲಕಂಸ ರಾಗ ಐತಿ, ಕೇಳ್ರಿ’ ಎಂದು ಒಂದು ರೆಕಾರ್ಡ್ ಹಚ್ಚಿದೆ. 1968ರಲ್ಲಿ ಹಿಂದಿ ಸಿನಿಮಾ ಸಂಗೀತದ ಜೋಡಿ ಶಂಕರ್-ಜೈಕಿಶನ್ ಮಾಡಿದ್ದು. ರಈಸ್ ಖಾನರ ಸಿತಾರ್, ಮನೋಹರಿ ಸಿಂಗರ ಸ್ಯಾಕ್ಸೊಫೋನ್. ತಬಲಾ ಇದೆ, ಡ್ರಮ್ಸೂ ಇದೆ. ಕಾಕಾ ಕಣ್ಣು ಮುಚ್ಚಿದರು. ಬಲಗೈ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿದವು. ಮಾಲಕಂಸಕ್ಕೆ ರಿಷಭ ಇಲ್ಲ, ಪಂಚಮ ಇಲ್ಲ; ಆ ಸ್ವರಗಳ ಕಡೆ ಎಲ್ಲೂ ಜಾರಿಲ್ಲ ಅನ್ನೋದನ್ನು ಆ ಕಿವಿ ನೋಡಿಕೊಳ್ಳುತ್ತಿತ್ತು. ಮುಗಿದದ್ದೇ, ‘ಸಿತಾರ ಯಾರದೋ? ಇನ್ನೊಮ್ಮೆ ಹಚ್ಚು’ ಅಂದರು.

ಎರಡನೇ ಸಲ ಹಚ್ಚಿ, ರೆಕಾರ್ಡಿನ ಹೊದಿಕೆ ಕೈಗೆ ಕೊಟ್ಟೆ. ಚಷ್ಮಾ ಏರಿಸಿಕೊಂಡು ಓದಿದರು: ‘ರಾಗ ಜಾಝ್ ಸ್ಟೈಲ್’. ತಾಳ ನಿಂತಿತು. ‘ಹಂಗಾರ ಇದು ಕಲಬೆರಕಿ.’

ಅದೇ ಕಿವಿ, ಅದೇ ಮಾಲಕಂಸ. ನಡುವೆ ಬಂದದ್ದು ಒಂದು ಹೆಸರು, ಅಷ್ಟೇ. ಕಾಕಾ ಮೇಲೆ ನನಗೆ ಸಿಟ್ಟಿಲ್ಲ, ಅವರಿಗಿಂತ ಚೆನ್ನಾಗಿ ಕೇಳುವವರು ನಮ್ಮ ಓಣಿಯಲ್ಲಿ ಇಲ್ಲ. ಅಂಥವರನ್ನೂ ಆ ಒಂದು ಹೆಸರು ತಡೆಯಿತಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ. ಹೆಸರು ನೋಡಿ ತಳ್ಳುವುದರಲ್ಲಿ ಜಾಝ್ ಬಲ್ಲ ಹುಡುಗರೂ ಕಡಿಮೆ ಏನಿಲ್ಲ. ಇದೇ ರೆಕಾರ್ಡ್ ಕೊಟ್ಟರೆ, ‘ಸಿನಿಮಾದವರದಲ್ವಾ?’ ಎಂದು ಪಕ್ಕಕ್ಕಿಡುತ್ತಾರೆ.

ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್ ನುಡಿಸಿದರು. ಕರ್ನಾಟಕ ಸಂಗೀತ ಎಂದು ಕಛೇರಿ ಇಟ್ಟರು, ಜನ ತಲೆದೂಗಿದರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದ್ದೂ ಅವರೇ, ಅದೇ ವಾದ್ಯ. ಇಲ್ಲಿ ಒಪ್ಪಿದ ಕಿವಿ ಅಲ್ಲಿ ಯಾಕೆ ಮುನಿಸಿಕೊಳ್ಳಬೇಕು?

ಇನ್ನೂ ಹೇಳುವುದಿತ್ತು, ವೇಳೆ ಆಗುತ್ತಾ ಬಂತು. ಒಂದೇ ಒಂದು ಕೇಳಿಬಿಡಿ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸರ 1959ರ ಆಲ್ಬಮ್ ‘ಕೈಂಡ್ ಆಫ್ ಬ್ಲೂ’, ಅದರ ಮೊದಲ ತುಣುಕು ‘ಸೋ ವಾಟ್’. ಅದರಲ್ಲಿರುವುದು ನಮ್ಮ ಹಿಂದುಸ್ತಾನಿ ಸಂಗೀತದ ‘ಕಾಫಿ’ ಎಂಬ ಥಾಟಿನ, ಅಂದರೆ ಸ್ವರಗುಂಪಿನ, ಸ್ವರಗಳೇ. ನಡುವೆ ಎಲ್ಲವೂ ಅರ್ಧ ಸ್ವರ ಮೇಲೇರಿ ಮತ್ತೆ ಇಳಿಯುತ್ತದೆ. ಸರ ಸರ ಓಡುವ ಗಡಿಬಿಡಿ ಇಲ್ಲ. ಆಲಾಪ ಕೇಳಿ ರೂಢಿ ಇರುವವರಿಗೆ ಅದು ಸಲೀಸು. ರಾತ್ರಿ ಊಟ ಆದ ಮೇಲೆ ಮೊಬೈಲಿನಲ್ಲಿ ಹಚ್ಚಿ, ಮನೆಯ ಹಿರಿಯರನ್ನೂ ಕೂರಿಸಿಕೊಳ್ಳಿ. ಮುಗಿಯುವ ತನಕ ಏನು, ಯಾರದು ಎಂದು ದಯವಿಟ್ಟು ಹೇಳಬೇಡಿ. ನಮಸ್ಕಾರ.